ವನವಿಹಾರದ ರಾಯರು

ಜೊಹಾನ್ಸ್‌ಬರ್ಗ್ ನಗರದಲ್ಲಿ ನೆಲೆಸಿರುವ ಕನ್ನಡಿಗರ ಮನೆಗಳಲ್ಲಿ ಊಟಕ್ಕೆ ಕುಳಿತವರು, ಸಾರು ಮುಗಿದು ಮಜ್ಜಿಗೆ ಬರುವಷ್ಟರೊಳಗೆ ಒಕವಾಂಗೊ ನದಿಯ ಪ್ರಸ್ತಾಪವನ್ನೆತ್ತುವ ಮಹನೀಯರೊಬ್ಬರನ್ನು ಸಂಧಿಸದೆ ಏಳುವುದು ದುರ್ಲಭ. ಹೆಸರು ಮನೆಯಿಂದ ಮನೆಗೆ ಬೇರೆಯಾದರೂ ಲಕ್ಷಣ ಒಂದೇ ಆದುದರಿಂದ ಇಲ್ಲಿ ಅವರನ್ನು ರಾಯರೆಂದರೆ ಸಾಕು. ಸಾಗರವನ್ನು ಸೇರುವ ಹಂಬಲವನ್ನೇ ತೊರೆದು ಕಲಹರಿಯ ಮರಳಿನಲ್ಲಿ ಕವಲೊಡೆದು ಮುಗಿದುಹೋಗುವ ಆ ನದಿಯನ್ನೂ, 2014ರಲ್ಲಿ ಸಾವಿರನೆಯ ತಾಣವಾಗಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಅದರ ಮುಖಜಭೂಮಿಯನ್ನೂ ರಾಯರು ವರ್ಣಿಸುವುದನ್ನು ಕೇಳಿದವರು, ಇವರು ಅಲ್ಲಿಯೇ ಹುಟ್ಟಿ ಬೆಳೆದವರೆಂದು ಭ್ರಮಿಸಿದರೆ ಆಶ್ಚರ್ಯವಿಲ್ಲ. ಈವರೆಗೆ ಅವರು ಅಲ್ಲಿಗೆ ಹೋಗಿಲ್ಲ.

ಹೋಗದಿರುವುದಕ್ಕೆ ಅವರ ಜ್ಞಾನಾತಿಶಯವೇ ಕಾರಣ. ಅಂಗೋಲದ ಮಲೆಗಳಲ್ಲಿ ಬಿದ್ದ ಮಳೆಯ ನೀರು ತಿಂಗಳುಗಟ್ಟಲೆ ತೆವಳಿ ಬಂದು, ಬೋಟ್ಸ್ವಾನಾದ ಆಕಾಶದಲ್ಲಿ ಮೋಡದ ತುಣುಕೂ ಇಲ್ಲದ ಜೂನ್, ಜುಲೈಗಳಲ್ಲಿ ಅಲ್ಲಿನ ಕಾಲುವೆಗಳನ್ನು ತುಂಬುವುದರಿಂದ ಆ ಕಾಲವೇ ಪ್ರಶಸ್ತವೆಂದು ಅವರೇ ಹೇಳುತ್ತಾರೆ. ಆದರೆ ಆಗಿನ ರಾತ್ರಿಯ ಚಳಿ ಅವರ ಶೀತಪ್ರಕೃತಿಗೆ ಒಗ್ಗದು. ಅಕ್ಟೋಬರಿನಲ್ಲಿ ಮೃಗಗಳೆಲ್ಲ ನೀರಿದ್ದಲ್ಲಿಗೆ ಬಂದು ನೆರೆಯುವುದು ನಿಜ, ಬಿಸಿಲು ಮಾತ್ರ ನೆತ್ತಿ ಸುಡುತ್ತದೆ. ಡಿಸೆಂಬರಿಗೆ ಮಳೆ ಹಿಡಿದು ಕೆಸರು, ಸೊಳ್ಳೆ, ಮಲೇರಿಯ. ಮದುವೆಯ ಮುಹೂರ್ತಕ್ಕೆ ಪಂಚಾಂಗ ತಿರುವುವ ಪುರೋಹಿತರಾದರೂ ವರ್ಷಕ್ಕೊಂದು ಶುಭದಿನವನ್ನು ಬಿಟ್ಟುಕೊಟ್ಟಾರು. ರಾಯರು ಹನ್ನೆರಡು ಮಾಸಗಳಲ್ಲಿಯೂ ದೋಷ ಕಂಡವರು.

ಸನ್ನಾಹದಲ್ಲಿ ಮಾತ್ರ ಲೋಪವಿಲ್ಲ. ಕಾರಿನ ನೆತ್ತಿಯ ಮೇಲೆ ಮಡಿಸಿಟ್ಟ ಡೇರೆಯುಂಟು; ಮರಳು ದಾರಿಗೆಂದು ಇಳಿಸಿದ ಟೈರಿನ ಗಾಳಿಯನ್ನು ಮತ್ತೆ ತುಂಬುವ ಪಂಪು ಉಂಟು; ಹೂತ ಚಕ್ರವನ್ನು ಬಿಡಿಸುವ ಸಲಿಕೆಯೂ ಉಂಟು, ಅದರ ಬೆಲೆಚೀಟಿಯನ್ನು ಇನ್ನೂ ಕಿತ್ತಿಲ್ಲ. ಭಾನುವಾರಗಳಂದು ಅಂಗಳದಲ್ಲಿ ಡೇರೆ ಬಿಡಿಸಿ, ಚಪ್ಪಲಿ ಕಳಚಿ ಏಣಿಯೇರಿ, ಹಗಲಿನಲ್ಲಿಯೇ ಟಾರ್ಚು ಹಿಡಿದು, ಆ ಮುಖಜಭೂಮಿಯ ಮೊರೇಮಿ ಅಭಯಾರಣ್ಯದ ಬಿಡಾರಗಳಿಗೆ ಬೇಲಿಯಿಲ್ಲವೆಂದೂ, ಕತ್ತಲಾದ ಮೇಲೆ ಕೆಳಗಿಳಿಯಕೂಡದೆಂದೂ, ಹೊರಗೆ ಬಿಟ್ಟ ಪಾದರಕ್ಷೆಯನ್ನು ಕತ್ತೆಕಿರುಬ ಒಯ್ಯುವುದೆಂದೂ ಅವರು ಅತಿಥಿಗಳಿಗೆ ಉಪದೇಶಿಸುವ ನೋಟ ದರ್ಶನೀಯ. ಒಮ್ಮೆ ಉಪದೇಶ ನಡೆದಿರುವಾಗಲೇ ಅವರ ಎಡಗಾಲಿನ ಚಪ್ಪಲಿಯನ್ನು ನೆರೆಮನೆಯ ನಾಯಿ ಕಚ್ಚಿಕೊಂಡು ಓಡಿತು. "ನೋಡಿದಿರಾ, ನಾನು ಹೇಳಲಿಲ್ಲವೆ?" ಎಂದು ರಾಯರು ಪರಮಸಂತುಷ್ಟರಾದರು.

ಕಾಲುಬಾಯಿ ಜ್ವರ ಹರಡದಂತೆ ಬೋಟ್ಸ್ವಾನಾದವರು ಹಾಕಿರುವ ಬೇಲಿಗಳ ಬಳಿ ಹಸಿಮಾಂಸವನ್ನು ತಪಾಸಣೆ ಮಾಡಿ ಕಿತ್ತುಕೊಳ್ಳುವ ಕ್ರಮವನ್ನು, ಜನ್ಮದಲ್ಲಿ ಮಾಂಸ ಮುಟ್ಟದ ಈ ಮಹಾನುಭಾವರು ಅರ್ಧ ಗಂಟೆ ವಿವರಿಸಬಲ್ಲರು. ಜಿಂಬಾಬ್ವೆಯ ಮಾನಾ ಪೂಲ್ಸ್ ಉದ್ಯಾನಕ್ಕೆ, ಆನೆಗಳು ವಾಸನೆ ಹಿಡಿದು ಬರುವುವೆಂಬ ಕಾರಣದಿಂದ, ಕಿತ್ತಳೆ ನಿಂಬೆಗಳನ್ನು ಒಯ್ಯಗೊಡರೆಂದು ಓದಿದ ದಿನ, ಮಡದಿ ಬರೆದಿಟ್ಟ ಸಾಮಾನಿನ ಪಟ್ಟಿಯಿಂದ ಚಿತ್ರಾನ್ನದ ನಿಂಬೆಹಣ್ಣನ್ನು ಹೊಡೆದುಹಾಕಿದರು. "ನಾವು ಹೋಗೋದು ಬೋಟ್ಸ್ವಾನಾಕ್ಕಲ್ಲವೇನ್ರೀ?" ಎಂದು ಆಕೆ ಕೇಳಿದ್ದಕ್ಕೆ, "ಆನೆಗೆ ಗಡಿ ಗೊತ್ತೇನೇ?" ಎಂದರು.

ಆ ಸಾಧ್ವಿಯಾದರೋ, ಕಾದು ಬೇಸತ್ತು, ಮಕ್ಕಳನ್ನು ಕರೆದುಕೊಂಡು ನೆರೆಯವರೊಡನೆ ಕ್ರೂಗರ್ ಉದ್ಯಾನಕ್ಕೆ ಹೋಗಿ, ದಾರಿಗಡ್ಡವಾಗಿ ಮಲಗಿದ್ದ ಸಿಂಹವನ್ನು ಕಂಡು ಬಂದಳು. 1926ರಿಂದ ರಾಷ್ಟ್ರೀಯ ಉದ್ಯಾನವಾಗಿರುವ ಆ ವಿಶಾಲಾರಣ್ಯದಲ್ಲಿ ಡಾಂಬರು ರಸ್ತೆಯೂ ಅಂಗಡಿಯೂ ಇರುವುದರಿಂದ ಅದನ್ನು ಕಾಡೆನ್ನಲಾಗದೆಂದೂ, ಡಾಂಬರಿನ ಮೇಲೆ ಮಲಗುವ ಸಿಂಹ ಸಿಂಹವೇ ಅಲ್ಲವೆಂದೂ ರಾಯರು ತೀರ್ಪಿತ್ತರು.

ಓದುಗರಲ್ಲಿ ಯಾರಾದರೂ ಅತ್ತ ಹೊರಡುವವರಿದ್ದರೆ ರಾಯರನ್ನು ಅವಶ್ಯವಾಗಿ ಕಾಣಬೇಕು. ಅವರ ಮಾತಿನಲ್ಲಿ ಸುಳ್ಳಿಲ್ಲ, ಕೇಳಿದರೆ ಡೇರೆಯನ್ನೂ ಎರವಲು ಕೊಟ್ಟಾರು. ಆದರೆ ಬಿಡಾರದ ಜಾಗವನ್ನು ಕಾದಿರಿಸಿ ಹಣ ಕಟ್ಟಿದ ಮೇಲೆಯೇ ಹೋಗಿ. ಯಾವ ತಿಂಗಳಿಗೆ ಹೊರಟಿದ್ದೀರೆಂದು ಅವರು ಮೊದಲೇ ಕೇಳಿಬಿಟ್ಟರೆ, ನೀವೂ ಹೋಗಲಾರಿರಿ.