ದೊಡ್ಡಪತ್ರೆ ಕೇಳಲು ಬಂದವರಿಗೆ

ದೊಡ್ಡಪತ್ರೆ ಬೇಕಾ? ಕಿತ್ಕೊಳ್ಳಿ, ಬೇಲಿ ಪಕ್ಕದಲ್ಲೇ ಪೊದೆಯಾಗಿ ಬೆಳೆದಿದೆ. ಯಾರಿಗೆ, ಮಗಳಿಗಾ? ಪಿತ್ತದ ಗಂಧೆನಾ? ಎಷ್ಟು ದಿನದಿಂದ? ಎರಡು ತಿಂಗಳಾಯ್ತು ಅಂದ್ರೆ ಒಂದು ನಿಮಿಷ ನಿಲ್ಲಿ. ಎರಡು ದಿನದ ಗಂಧೆ ತಾನಾಗೇ ಹೋಗುತ್ತೆ. ಆರು ವಾರ ದಾಟಿದ್ದರದು ಬೇರೆ ಲೆಕ್ಕ. ಮೂರು ವರ್ಷ ಅದರ ಜೊತೆ ಬಾಳಿದವಳು ನಾನು.

ರಾತ್ರಿ ಹನ್ನೊಂದರ ಹೊತ್ತಿಗೆ ಶುರುವಾಗೋದು. ಮೊದಲು ಲಂಗದ ಲಾಡಿ ಬಿಗಿದ ಜಾಗ, ಆಮೇಲೆ ತರಕಾರಿ ಚೀಲ ನೇತುಹಾಕಿಕೊಂಡ ಮುಂಗೈ. ಕೆಂಪಗೆ ಊದಿಕೊಂಡು, ಒಂದಕ್ಕೊಂದು ಕೂಡಿ ಅಂಗೈಯಗಲ ಆಗೋದು. ಬೆಳಗ್ಗೆ ಡಾಕ್ಟರಿಗೆ ತೋರಿಸೋಣ ಅಂದ್ರೆ ಮೈಮೇಲೆ ಏನೂ ಇಲ್ಲ. ಅದಕ್ಕೇ ಗಂಧೆ ಎದ್ದಾಗಲೇ ಫೋಟೋ ತೆಗೆದಿಡಿ. ಒಂದು ದದ್ದಿನ ಸುತ್ತ ಪೆನ್ನಲ್ಲಿ ಗೆರೆ ಎಳೆದು ಗಂಟೆ ಗುರುತು ಹಾಕಿ. ಸಾಮಾನ್ಯವಾಗಿ ದಿನ ತುಂಬೋದರೊಳಗೆ ಅಲ್ಲಿ ಅಡಗಿ ಇನ್ನೆಲ್ಲೋ ಏಳುತ್ತೆ. 24 ಗಂಟೆ ದಾಟಿದ್ರೂ ಅಲ್ಲೇ ಕೂತು, ಹೋಗುವಾಗ ಕಂದು ಕಲೆ ಬಿಟ್ಟರೆ ಡಾಕ್ಟರಿಗೆ ಹೇಳಲೇಬೇಕು.

ಕಂಬಳಿಯಲ್ಲಿ ಮಾತ್ರ ಉಜ್ಜಬೇಡಿ. ನಮ್ಮತ್ತೆ ಪ್ರೀತಿಯಿಂದಲೇ ಉಜ್ಜುತ್ತಿದ್ದರು, ಪಾಪ. ತುರಿಕೆ ತರೋದು ಚರ್ಮದೊಳಗೆ ಬಿಡುಗಡೆಯಾಗೋ ಹಿಸ್ಟಮಿನ್. ಉಜ್ಜಿದ್ರೆ, ಬಿಸಿನೀರು ಹುಯ್ದ್ರೆ ಇನ್ನಷ್ಟು ಕೆರಳುತ್ತೆ. ಹಳೇ ಪಂಚೆ ತುಂಡನ್ನ ತಣ್ಣೀರಲ್ಲಿ ಅದ್ದಿ ಹಿಂಡಿ ಸುಮ್ಮನೆ ಮೇಲೆ ಹಾಸಿ. ತಣ್ಣಗಿನದು ತಾಗಿದ್ರೇ ಏಳೋ ಜಾತಿಯದೂ ಒಂದಿದೆ, ಅದಾದ್ರೆ ಇದು ಬೇಡ. ಬಟ್ಟೆ ಸಡಿಲವಾಗಿರಲಿ.

ಊಟದ ಕಥೆ ಕೇಳಿ. ನಂಜು ಅಂತ ಬದನೆಕಾಯಿ ಬಿಡಿಸಿದ್ರು, ಆಮೇಲೆ ಮೊಟ್ಟೆ, ಕಡಲೆಕಾಯಿ, ಕೊನೆಗೆ ಉದ್ದಿನಬೇಳೆ. ನಾಲ್ಕು ಕೆಜಿ ಸೊರಗಿದೆ, ಗಂಧೆ ಒಂದು ಚೂರೂ ಕಡಿಮೆಯಾಗಲಿಲ್ಲ. ತಿಂಗಳುಗಟ್ಟಲೆ ಕಾಡೋ ಗಂಧೆಗೆ ಊಟ ಕಾರಣವಾಗಿರೋದು ತೀರ ಅಪರೂಪವಂತೆ. ಎಷ್ಟೋ ಜನರಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ತನ್ನ ಮೇಲೆ ತಿರುಗಿಬಿದ್ದಿರುತ್ತೆ. ಥೈರಾಯ್ಡ್ ತೊಂದರೆಯೂ ಜೊತೆಗಿರಬಹುದು, ಪರೀಕ್ಷೆ ಮಾಡಿಸಿ. ಬೆಳೆಯೋ ಹುಡುಗಿ, ತಟ್ಟೆ ಬರಿದು ಮಾಡಬೇಡಿ. ಅದರ ಬದಲು ಆಸ್ಪಿರಿನ್, ಐಬುಪ್ರೊಫೇನ್‌ನಂಥ ನೋವಿನ ಮಾತ್ರೆ ಮೇಲೆ ಕಣ್ಣಿಡಿ. ಅವು ಕೆಲವರಿಗೆ ಗಂಧೆ ಏಳಿಸ್ತವೆ.

ನಾನು ಮಾಡಿದ ದೊಡ್ಡ ತಪ್ಪು, ಗಂಧೆ ಎದ್ದಾಗಷ್ಟೇ ಒಂದು ಅವಿಲ್ ಮಾತ್ರೆ ನುಂಗಿದ್ದು. ಮಾರನೇ ದಿನವೆಲ್ಲ ತೂಕಡಿಕೆ. ಈಗಿನ ಸೆಟ್ರಿಜಿನ್, ಫೆಕ್ಸೊಫೆನಡಿನ್ ಅಷ್ಟು ನಿದ್ದೆ ತರಲ್ಲ. ಆದ್ರೆ ಗಂಧೆ ಇರಲಿ ಬಿಡಲಿ, ದಿನಾ ತಗೋಬೇಕು. ಸಾಲದಿದ್ರೆ ಡಾಕ್ಟರೇ ನಾಲ್ಕು ಪಟ್ಟಿನವರೆಗೂ ಏರಿಸಬಹುದು, ನಾವಾಗಿ ಅಲ್ಲ. ಅದಕ್ಕೂ ಬಗ್ಗದಿದ್ರೆ ಒಮಲಿಜುಮ್ಯಾಬ್ ಅಂತ ತಿಂಗಳಿಗೊಮ್ಮೆ ಕೊಡೋ ಇಂಜೆಕ್ಷನ್ ಇದೆ. ಬೆಲೆ ಜಾಸ್ತಿ, ಆದ್ರೆ ದಾರಿ ಮುಚ್ಚಿಲ್ಲ. ಸ್ಟೀರಾಯ್ಡ್ ತಕ್ಷಣ ಇಳಿಸುತ್ತೆ ಅಂತ ತಿಂಗಳಾನುಗಟ್ಟಲೆ ಕೊಡಬೇಡಿ.

ದಿನಾ ಮಾತ್ರೆ ಶುರುಮಾಡಿದ ಎರಡನೇ ವಾರ, ರಾತ್ರಿಯೆಲ್ಲ ಎಚ್ಚರವಾಗದೆ ಮಲಗಿದ್ದೆ. ಬೆಳಗ್ಗೆ ಎದ್ದು ಕೈ ನೋಡ್ಕೊಂಡು ಅತ್ತುಬಿಟ್ಟೆ.

ಇದು ಅಂಟುರೋಗವಲ್ಲ, ಸ್ಕೂಲಿಗೆ ಕಳಿಸಿ. ತಗೊಳ್ಳಿ ಸೊಪ್ಪು, ತಂಬುಳಿ ಮಾಡಿ. ನಾಳೆನೇ ಚರ್ಮದ ಡಾಕ್ಟರ ಹತ್ರ ಕರ್ಕೊಂಡು ಹೋಗಿ. ಯಾವತ್ತಾದ್ರೂ ನಾಲಿಗೆ ಊದಿದ್ರೆ, ಉಸಿರು ಕಟ್ಟಿದ ಹಾಗಾದ್ರೆ, ನಡುರಾತ್ರಿಯಾದ್ರೂ ನಮ್ಮ ಬಾಗಿಲು ತಟ್ಟಿ. ಕಾರು ತೆಗೀತೀವಿ, ನೇರ ಆಸ್ಪತ್ರೆಗೇ ಹೋಗಬೇಕು.