ಇನ್ನಷ್ಟು ವಿಚಾರ ಮಾಡೂಣ

ಹಾನಗಲ್ಲಿನಲ್ಲೊಬ್ಬರು, ಶಿಗ್ಗಾಂವಿಯಲ್ಲೊಬ್ಬರು, ಸವಣೂರಿನಲ್ಲೊಬ್ಬರು, ಹಿರೇಕೆರೂರಿನಲ್ಲೊಬ್ಬರು ಇದ್ದೇ ಇರುತ್ತಾರೆ. ನೌಕರಿ ಮುಗಿದಿದೆ, ಪಿಂಚಣಿ ಬರುತ್ತಿದೆ, ಎಮ್ಮೆ ಮಾರಿದ ಮೇಲೆ ಹಿತ್ತಲಿನ ಕೊಟ್ಟಿಗೆ ಖಾಲಿ ಬಿದ್ದಿದೆ, ಬೆಂಗಳೂರಿನ ಮಗ ಮನೆಗೆ ವೈಫೈ ಹಾಕಿಸಿ ಹೋಗಿದ್ದಾನೆ. ಇಷ್ಟೂ ಕೂಡಿದ ಮನೆಯಲ್ಲಿ ಒಂದು ದಿನ ಬಡಿಗತನದ ಹುಚ್ಚು ಹುಟ್ಟುತ್ತದೆ. ಕಟ್ಟಿಗೆ ಕೊಯ್ಯುವ ಹುಚ್ಚು ಅಂತ ತಿಳಿಯಬೇಡಿ. ಕೊಯ್ಯಲು ಯಾವ ಟೇಬಲ್ ಸಾ, ಅಂದರೆ ಮೇಜಿಗೆ ಜೋಡಿಸಿದ ದುಂಡು ಗರಗಸ, ತಗೊಳ್ಳಬೇಕು ಎಂಬ ಹುಚ್ಚು.

ತಾಲೂಕಿಗೆ ತಕ್ಕಂತೆ ಸಣ್ಣ ಫರಕು ಉಂಟು. ಶಿಗ್ಗಾಂವಿಯವರು ಹೆದ್ದಾರಿಗೆ ಬಂದು ಬಸ್ಸು ಹತ್ತಿ, ಹುಬ್ಬಳ್ಳಿಯಲ್ಲಿ ಮಷೀನು ಮುಟ್ಟಿ, ಸಂಜೆಗೆ ಬರಿಗೈಲಿ ಬರುತ್ತಾರೆ. ಹಿರೇಕೆರೂರಿನವರಿಗೆ ರಾಣೇಬೆನ್ನೂರು, ದಾವಣಗೆರೆ, ಶಿವಮೊಗ್ಗ ಮೂರಕ್ಕೂ ದಾರಿ ಇರುವುದರಿಂದ ಯಾವ ಊರಿಗೆ ಹೋಗಿ ನೋಡಬೇಕೆಂಬುದೇ ಮೊದಲು ಬಗೆಹರಿಯಬೇಕು. ಸವಣೂರಿನವರ ಬಾಯಲ್ಲಿ ಊರಿನ ಎಲೆ ಇರುತ್ತದೆ. ಯಾವ ಕಂಪನಿ ನಿಕ್ಕಿ ಮಾಡಿದಿರಿ ಅಂದರೆ ಕೈ ಎತ್ತಿ ‘ತಡಿ’ ಅನ್ನುತ್ತಾರೆ. ಆ ತಡಿ ಎಲೆ ಉಗುಳಿದ ಮೇಲೂ ಮುಂದುವರಿಯುತ್ತದೆ.

ನಾನು ಹಾನಗಲ್ಲಿನ ಮಾಸ್ತರರನ್ನು ಹಿಡಿಯುತ್ತೇನೆ. ಮುಂಡಗೋಡದ ಕಾಡು ಪಕ್ಕದಲ್ಲೇ ಇರುವ ಸೀಮೆ ಇದು, ಹಳೆಯ ಮನೆಗಳ ತೊಲೆ ಕಂಬಗಳಿಗೆ ಸಾಗವಾನಿಯ ಬರವಿರಲಿಲ್ಲ. ಅಜ್ಜನ ಮನೆ ಕೆಡವಿ ಆರ್‌ಸಿಸಿ ಹಾಕಿಸಿದಾಗ ಇಳಿಸಿದ ತೊಲೆಗಳನ್ನು ಮಾಸ್ತರರು ಕೊಟ್ಟಿಗೆಯಲ್ಲಿ ಒಟ್ಟಿದ್ದಾರೆ. ಒಳಗೆ ಮುರಿದ ಮೊಳೆ ಇದ್ದರೆ ಕಾರ್ಬೈಡ್ ಹಲ್ಲು ಹಾರಿಹೋಗುತ್ತದೆ ಅಂತ ದಿನಾ ಬೆಳಿಗ್ಗೆ ಒಂದು ಅಯಸ್ಕಾಂತ ಹಿಡಿದು ಅವುಗಳ ಮೈಮೇಲೆ ಆಡಿಸುತ್ತಾರೆ. ಬ್ಲೇಡು ಇನ್ನೂ ಅಂಗಡಿಯಲ್ಲಿದೆ.

ಶುರುವಾದದ್ದು ನಾಗರಪಂಚಮಿಗೆ ಮೊದಲು. “ಅಲ್ರೀ, ಮೊಮ್ಮಗಳ ಜೋಕಾಲಿಗೆ ಒಂದು ಮಣಿ ಮಾಡಿಸ್ರಿ” ಅಂದರು ಮನೆಯವರು. ಎರಡಡಿ ಹಲಗೆ, ಹಗ್ಗ ಕೂಡಲು ಎರಡೂ ತುದಿಗೆ ಒಂದೊಂದು ಕಚ್ಚು, ಇಷ್ಟೇ ಕೆಲಸ. “ಮಾಡಿಸೂದ್ಯಾಕ, ನಾನಽ ಮಾಡ್ತೀನಿ. ಮದಲ ಮಷೀನ್ ಬರಲಿ” ಎಂದ ಮಾಸ್ತರರು, ದುಂಡು ಗರಗಸದ ಯಂತ್ರಕ್ಕೆ ಇಂಗ್ಲೆಂಡಿನ ಸ್ಯಾಮ್ಯುಯೆಲ್ ಮಿಲ್ಲರ್ 1777ರಲ್ಲಿ ಪೇಟೆಂಟ್ ಪಡೆದಲ್ಲಿಂದ ಹೇಳಲು ಹಿಡಿದರು. ಅವರ ಕಥೆ ಉಗಿ ಯಂತ್ರದವರೆಗೆ ಬರುವಷ್ಟರಲ್ಲಿ ಪಂಚಮಿ ಬಂದು ಹೋಯಿತು. ಹುಡುಗಿ ಹಗ್ಗಕ್ಕೆ ದಿಂಬು ಹಾಕಿಕೊಂಡು ಜೀಕಿದಳು.

ಮಾಸ್ತರರ ಹತ್ತಿರ ಸಾಲಿಯಲ್ಲಿ ಉಳಿದಿದ್ದ ಒಂದು ಖಾಲಿ ಹಾಜರಿ ಪುಸ್ತಕವಿದೆ. ಹುಡುಗರ ಹೆಸರು ಬರೆಯುವಲ್ಲಿ ಬಾಷ್, ಮಕೀಟಾ, ಡಿವಾಲ್ಟ್. ತಾರೀಖಿನ ಮನೆಗಳಲ್ಲಿ ಹಲಗೆ ಒರಗಿಸಿ ನೂಕುವ ಫೆನ್ಸು, ಮೇಜಿನ ಅಳತೆ, ಧೂಳಿನ ಪೈಪು, ಬಿಡಿಭಾಗ. ಇದ್ದರೆ ಹಾಜರಿ, ಇಲ್ಲದಿದ್ದರೆ ಕೆಂಪು ಶಾಯಿಯಲ್ಲಿ ಗೈರು. ಬಾಷ್ ಜಿಟಿಎಸ್ 10 ಜೆ ಎಂಬುದು 1800 ವ್ಯಾಟಿನ, 10 ಇಂಚಿನ ಬ್ಲೇಡಿನ ವಿದ್ಯಾರ್ಥಿ. ಒಳ್ಳೆಯ ಹುಡುಗ, ಆದರೆ ಮೇಜು ಅಲ್ಯುಮಿನಿಯಂ. ಬೀಡಿನ ಮೇಜಾದರೆ ಭಾರ, ನಡುಗುವುದಿಲ್ಲ. ಬೀಡಿನ ದೊಡ್ಡ ಮಷೀನಿಗೆ ಬೆಲ್ಟು, ಮೂರು ಎಚ್‌ಪಿ ಮೋಟಾರು, ಅದಕ್ಕೆ ತ್ರೀಫೇಸ್ ಕರೆಂಟು. ಮನೆಗಿರುವುದು ಸಿಂಗಲ್ ಫೇಸ್. ಹೊಲದ ಪಂಪ್‌ಸೆಟ್ಟಿಗೇನೋ ತ್ರೀಫೇಸ್ ಬರುತ್ತದೆ, ಲೆಕ್ಕಕ್ಕೆ 7 ತಾಸು, ಅದೂ ಪಾಳಿಯ ಮೇಲೆ. ರಾತ್ರಿ ಪಾಳಿ ಬಂದ ವಾರ ಹೊಲದಲ್ಲೇ ಶೆಡ್ಡು ಹಾಕಿ ಕಟ್ಟಿಗೆ ಕೊಯ್ದರೆ ಹೇಗೆ ಎಂದು ಮಾಸ್ತರರು ಗಂಭೀರವಾಗಿ ಕೇಳಿದಾಗ ಮನೆಯವರು, “ಹಂಗಽ ನೀರೂ ಹಾಯಿಸಿ ಬರ್ರಿ” ಅಂದು ಒಳಗೆ ಹೋದರು.

ಆಮೇಲೆ ಅಮೆರಿಕ ಬಂತು. ಭೌತಶಾಸ್ತ್ರ ಓದಿ ವಕೀಲನಾದ ಸ್ಟೀಫನ್ ಗಾಸ್ ಎಂಬಾತ 1999ರಲ್ಲಿ ಹೊಳೆಯಿಸಿಕೊಂಡ ಸಾಸ್ಟಾಪ್ ಎಂಬ ಮಷೀನು. ಬ್ಲೇಡಿನಲ್ಲಿ ಸಣ್ಣ ವಿದ್ಯುತ್ ಸಂಕೇತ ಹರಿಯುತ್ತಿರುತ್ತದೆ. ಬೆರಳು ತಾಗಿದರೆ ಮೈ ಅದನ್ನು ಎಳೆದುಕೊಳ್ಳುತ್ತದೆ, ಕೂಡಲೇ ಒಂದು ಅಲ್ಯುಮಿನಿಯಂ ತುಂಡು ಹಲ್ಲಿಗೆ ಸಿಕ್ಕಿ ಸೆಕೆಂಡಿನ ಸಾವಿರ ಭಾಗದಲ್ಲಿ ಐದು ಭಾಗ ಮುಗಿಯುವುದರೊಳಗೆ ಬ್ಲೇಡು ನಿಲ್ಲುತ್ತದೆ. ಬೆರಳಿಗೆ ಗೀರು, ಅಷ್ಟೇ. ಇದನ್ನು ತೋರಿಸುವಾಗ ಕಂಪನಿಯವರು ಬೆರಳಿನ ಬದಲು ಹಾಟ್‌ಡಾಗ್ ಎಂಬ ಮಾಂಸದ ತುಂಡು ಇಟ್ಟು ನೂಕುತ್ತಾರೆ. “ಅಂಥಾದ್ದು ನಮ್ಮ ಹೊಸ್ತಿಲ ದಾಟಂಗಿಲ್ಲ” ಎಂದು ಮನೆಯವರು ಅಡುಗೆಮನೆಯಿಂದಲೇ ತೀರ್ಪು ಕೊಟ್ಟರು. ಬಾಳೆಹಣ್ಣು ನಡೆದೀತೇ, ಬದನೆಕಾಯಿ ನಡೆದೀತೇ ಎಂದು ಮಾಸ್ತರರ ಒಂದು ವಾರ ಅದರಲ್ಲೇ ಕಳೆಯಿತು. ಒಮ್ಮೆ ನಿಂತರೆ ಆ ಅಲ್ಯುಮಿನಿಯಂ ತುಂಡೂ ಹೊಸದು ಬೇಕು, ಬ್ಲೇಡೂ ಹಾಳು ಅಂತ ಗೊತ್ತಾದಾಗ, ಒಂದು ಬೆರಳಿಗೆ ಖರ್ಚು ಎಷ್ಟು ಬಿತ್ತು ಎಂದು ಲೆಕ್ಕ ಹಾಕಿ ಪುಸ್ತಕದಲ್ಲಿ ಬರೆದರು. ಕೊನೆಗೆ ಅಮೆರಿಕದ ಅಳಿಯನಿಗೆ ಫೋನು ಹೋಯಿತು. “ಮಾವ, ಒಂದು ಬ್ಯಾಗಿಗೆ 23 ಕೆಜಿ ಅಷ್ಟೇ. ಇಲ್ಲಿ ಕರೆಂಟು ಬೇರೆ 120 ವೋಲ್ಟ್. ನಾನು ಬರೂದಽ ಬ್ಯಾಡಗಿ ಖಾರ ಒಯ್ಯಾಕ” ಅಂದ ಅಳಿಯ.

ನಮ್ಮ ಬಡಿಗೇರನ ವಿಚಾರ ಬೇರೆ. ಕೈಯಲ್ಲಿ ಹಿಡಿದು ಕೊಯ್ಯುವ ಕಟರ್ ಮಷೀನನ್ನು ಬೋರಲು ಮಾಡಿ ಪ್ಲೈವುಡ್ ಹಲಗೆಯ ಅಡಿಗೆ ಸ್ಕ್ರೂ ಹಾಕಿ ಬಿಗಿದಿದ್ದಾನೆ. ಬ್ಲೇಡು ಮೇಲೆ ಇಣುಕುತ್ತದೆ, ಒಂದು ನೆಟ್ಟನೆಯ ಪಟ್ಟಿ ಫೆನ್ಸಾಗುತ್ತದೆ, ಸ್ವಿಚ್ಚಿಗೆ ದಾರ ಸುತ್ತಿದರೆ ಟೇಬಲ್ ಸಾ ಆಯಿತು. ನಾಲ್ಕು ತಾಲೂಕಿನಲ್ಲಿ ಎಷ್ಟು ಮನೆಯ ಬಾಗಿಲು, ಮಂಚ, ಶೋಕೇಸು ಇಂಥ ಹಲಗೆಯ ಮೇಲಿಂದ ಬಂದಿವೆಯೋ.

ಆದರೆ ನಗುವವರು ಇಲ್ಲೊಂದು ಕ್ಷಣ ನಿಲ್ಲಬೇಕು, ಯಾಕೆಂದರೆ ಈ ಒಂದು ವಿಷಯದಲ್ಲಿ ಮಾಸ್ತರರದೇ ಸರಿ. ಒಳ್ಳೆಯ ಟೇಬಲ್ ಸಾ‌ಗೆ ಬ್ಲೇಡಿನ ಬೆನ್ನ ಹಿಂದೆ ರಿವಿಂಗ್ ನೈಫ್ ಎಂಬ ತೆಳು ಉಕ್ಕಿನ ಪಟ್ಟಿ ಇರುತ್ತದೆ. ಕೊಯ್ದ ಸೀಳು ಕೂಡಿಕೊಂಡು ಬ್ಲೇಡನ್ನು ಹಿಡಿದರೆ ಹಲಗೆ ತಿರುಗಿ ಕೊಯ್ಯುವವನ ಹೊಟ್ಟೆಗೇ ಹಾರುತ್ತದೆ. ಈ ಪಟ್ಟಿ ಸೀಳು ಕೂಡದಂತೆ ತಡೆಯುತ್ತದೆ. ಫೆನ್ಸು ಬ್ಲೇಡಿಗೆ ಒಂದು ಎಳೆಯಷ್ಟು ಓರೆ ಇದ್ದರೂ ಅದೇ ಗತಿ. ಬೋರಲು ಕಟರಿಗೆ ಪಟ್ಟಿಯೂ ಇಲ್ಲ, ಮೇಲೆ ಮುಚ್ಚಳವೂ ಇಲ್ಲ. ಬಡಿಗೇರರು ನಮಸ್ಕಾರ ಮಾಡುವಾಗ ಬೆರಳು ಎಣಿಸಿ ನೋಡಿ. ಎಚ್‌ಪಿ, ವ್ಯಾಟು, ಬಣ್ಣ ಎಲ್ಲ ಆಮೇಲೆ. ಫೆನ್ಸು, ಆ ಪಟ್ಟಿ, ನೂಕುಗೋಲು ಈ ಮೂರು ನೋಡಿ ತಗೊಳ್ಳಿ ಎಂದು ಮಾಸ್ತರರು ಕಂಡಕಂಡವರಿಗೆ ಹೇಳುತ್ತಾರೆ. ಕೇಳಿದವರು ತಗೊಂಡೂ ಬಿಡುತ್ತಾರೆ.

ಒಂದು ಸಂಜೆ ಊರಿನ ತಾರಕೇಶ್ವರ ಗುಡಿಯ ಕಟ್ಟೆಯ ಮೇಲೆ ವಾದ ಬಿತ್ತು. ಮಷೀನು ಇಲ್ಲದೆ ನಮ್ಮ ಅಪ್ಪ ಅಜ್ಜ ಕೆಲಸ ಮಾಡಲಿಲ್ಲವೇ ಎಂದ ಬಡಿಗೇರ.

“ತಮ್ಮಾ, ಒಳಗ ಹೋಗಿ ಆ ಕಂಬಾ ನೋಡು. ಚಾಲುಕ್ಯರ ಕಾಲದ್ದು, ಕಲ್ಲನ್ನಽ ಚರಕಿಗೆ ಹಾಕಿ ತಿರುವ್ಯಾರ. 12ನೇ ಶತಮಾನದಾಗಽ ಮಷೀನ್ ಬೇಕಾಗಿತ್ತು, ತಿಳೀತಿಲ್ಲೋ?”

ಬಡಿಗೇರ ಒಳಗೆ ಹೋಗಿ ಕಂಬ ಸವರಿ ಬಂದ. “ಖರೇ ಐತ್ರಿ ಸರ್ರ. ಆ ಚರಕಿ ಯಾವ ಕಂಪನೀದು ಅಂತ ಆರಿಸಾಕ ಅವ್ರು ಎಷ್ಟು ವರ್ಷ ತಗೊಂಡ್ರಿ?”

ಮಾತು ಹಾಗೆ ಆಡಿದರೂ ಅವನು ಮಾಸ್ತರರ ಹಾಜರಿ ಪುಸ್ತಕ ಇಸಿದುಕೊಂಡು ಹೋದ. ಎಂಟು ದಿನಕ್ಕೆ ರಿವಿಂಗ್ ನೈಫ್ ಇರುವ ಹೊಸ ಟೇಬಲ್ ಸಾ ಅವನ ಅಂಗಡಿಯಲ್ಲಿ ಕೂತಿತ್ತು. ಮಾಸ್ತರರು ಮಾತ್ರ ಮೋರೆ ಸಪ್ಪಗೆ ಮಾಡಲಿಲ್ಲ. ಹತ್ತಿಂಚಿನ ಬ್ಲೇಡು ಮೂರಿಂಚಿನ ಆಸುಪಾಸು ಮಾತ್ರ ಆಳಕ್ಕೆ ಹೋಗುತ್ತದೆ, ನಮ್ಮ ತೊಲೆ ಏಳಿಂಚು ದಪ್ಪ, ನನಗೆ ಬೇಕಾದದ್ದು ಬ್ಯಾಂಡ್ ಸಾ ಇರಬಹುದೇನೋ ಎಂದು ಹೊಸ ಪುಟ ತಿರುವಿದರು. ಜೊತೆಗೆ ದಿನಾ ಬೆಳಿಗ್ಗೆ ಉಪ್ಪಿಟ್ಟು ತಿಂದು, ಉಕ್ಕಿನ ಪಟ್ಟಿ ಹಿಡಿದು ಬಡಿಗೇರನ ಅಂಗಡಿಗೆ ಹೊರಡುತ್ತಾರೆ. ಮೇಜು ಸಪಾಟಾಗಿದೆಯೋ ನೋಡಬೇಕು, ಫೆನ್ಸಿನ ಮುಂದಿನ ತುದಿಗೂ ಹಿಂದಿನ ತುದಿಗೂ ಬ್ಲೇಡಿನಿಂದ ಅಂತರ ಒಂದೇ ಇದೆಯೋ ಅಳೆಯಬೇಕು. ಅಳೆಯಲು ಮಷೀನು ಬಂದ್ ಮಾಡಬೇಕು. ಬಡಿಗೇರ ಚಹಾ ತರಿಸಿ ದೂರದ ಸ್ಟೂಲಿನ ಮೇಲೆ ಕೂರಿಸಿದ. ಚಹಾ ಮುಗಿಸಿ ಎದ್ದು ಬಂದರು. ಪೇಪರು ಕೊಟ್ಟ, ಮಡಚಿ ಮೇಜಿನ ಕಾಲಿನಡಿ ಇಟ್ಟು, ಇಲ್ಲಿ ಇಳಿಜಾರಿದೆ ಅಂದರು. ಗಿರಾಕಿಗಳು ಬಾಗಿಲು ಯಾವಾಗ ಅಂತ ಗದರಿಸಲು ಶುರು ಮಾಡಿದಾಗ ಬಡಿಗೇರನಿಗೆ ಬುದ್ಧಿ ಓಡಿತು.

“ಸರ್ರ, ನಿಮ್ಮಿಂದ ಒಂದು ಉಪಕಾರ ಆಗಬೇಕಾಗೇತಿ. ಒಂದು ಡ್ರಿಲ್ ಮಷೀನ್ ತಗೋಬೇಕಂತೀನ್ರಿ. ಅವಸರ ಇಲ್ರಿ. ಮನಿಯಾಗ ಆರಾಮ ಕುಂತು, ಎಲ್ಲಾ ಕಂಪನೀದು ಸ್ವಲ್ಪ ವಿಚಾರ ಮಾಡಿ ಹೇಳ್ರಲ್ಲ.”