ವಿಕೆಟ್ ಹಿಂದಿನ ಪಾಪನಿವೇದನೆ

ಸಿಡ್ನಿ ಮೈದಾನದ ಸ್ಟಂಪ್ ಮೈಕ್ ಯಾರಿಗೂ ಸಂದರ್ಶನ ಕೊಟ್ಟಿಲ್ಲ. ಕೇಳಿಸಿಕೊಳ್ಳುವುದೇ ಅದರ ಕಸುಬು. ಚಹಾ ವಿರಾಮದಲ್ಲಿ, ಸ್ಲಿಪ್ಪಿನ ಮಹನೀಯರು ಬಿಸ್ಕೆಟ್ ತಿನ್ನಲು ಹೋಗಿದ್ದಾಗ, ಮಾತಿಗೆ ಸಿಕ್ಕಿತು.

ಮೈಕಣ್ಣ, ಹೇಗಿದೆ ಕೆಲಸ?

ಚರ್ಚಿನ ಪಾಪನಿವೇದನೆಯ ಗೂಡು ಇದ್ದಹಾಗೆ ನಾನು. ಅಲ್ಲಿಗೆ ಪಾಪ ಮಾಡಿ ಬರುತ್ತಾರೆ, ಇಲ್ಲಿಗೆ ಮಾಡಲೆಂದೇ ಬರುತ್ತಾರೆ.

ದೈವಭಕ್ತರೂ ಎದುರಾಳಿಯನ್ನು ಬೈಯುತ್ತಾರಾ?

ಆಸ್ಟ್ರೇಲಿಯಾದ ಬ್ಯಾಟರ್ ಮ್ಯಾಥ್ಯೂ ಹೇಡನ್ ಅಪ್ಪಟ ಕ್ಯಾಥೊಲಿಕ್. ಟೆಸ್ಟಿನಲ್ಲಿ 30 ಶತಕ. ಶತಕ ಬಂದರೆ ಎದೆಯ ಮೇಲೆ ಶಿಲುಬೆಯ ಗುರುತು. ಅದೇ ಹೇಡನ್ 2008ರಲ್ಲಿ ರೇಡಿಯೊದಲ್ಲಿ ಕೂತು ಭಾರತದ ಬೌಲರ್ ಹರ್ಭಜನ್ ಸಿಂಗರನ್ನು ‘ಕಳೆ’ ಎಂದರು. ಕ್ರಿಕೆಟ್ ಆಸ್ಟ್ರೇಲಿಯಾ ಛೀಮಾರಿ ಹಾಕಿತು. ದೇವರನ್ನು ಕೊಂಡಾಡುವ ಬಾಯಿಂದಲೇ ದೇವರ ಹೋಲಿಕೆಯ ಮನುಷ್ಯನನ್ನು ಶಪಿಸುವುದು ಹೇಗೆ ಸರಿ ಎಂದು ಯಾಕೋಬನ ಪತ್ರಿಕೆಯ 3ನೇ ಅಧ್ಯಾಯ ಕೇಳುತ್ತದೆ. ಕಳೆಯ ಬಗ್ಗೆಯಂತೂ ಯೇಸುಸ್ವಾಮಿ ಒಂದು ಸಾಮ್ಯವನ್ನೇ ಹೇಳಿದ್ದಾರಲ್ಲ? ಪೈರು ಯಾವುದು, ಕಳೆ ಯಾವುದು ಎಂಬ ತೀರ್ಪು ಸುಗ್ಗಿಯ ದಿನಕ್ಕಿರಲಿ, ಆಳುಗಳು ಈಗಲೇ ಕೀಳಲು ಹೋಗಬೇಡಿ ಅಂತ. ಹೇಡನ್ ಸುಗ್ಗಿಗೆ ಕಾಯಲಿಲ್ಲ.

ಮೈದಾನದ ಮಾತು ಮೈದಾನದಲ್ಲೇ ಮುಗಿಯಿತು ಅನ್ನುತ್ತಾರೆ.

ರೇಡಿಯೊ ಸ್ಟುಡಿಯೊ ಬೌಂಡರಿ ಗೆರೆಯೊಳಗಿದೆಯೇ? ಇನ್ನೊಂದಿದೆ, ‘ನಾವು ಗೆರೆ ದಾಟುವುದಿಲ್ಲ’ ಎಂಬುದು. ನನ್ನ ಮುಂದೆ ನಾಲ್ಕಡಿ ದೂರದಲ್ಲಿ ಒಂದು ಗೆರೆಯಿದೆ, ಪಾಪಿಂಗ್ ಕ್ರೀಸ್. ದಿನಾ ಬಿಳಿ ಬಳಿಯುತ್ತಾರೆ. ಇವರು ಹೇಳುವ ಆ ಇನ್ನೊಂದು ಗೆರೆಗೆ ಯಾರೂ ಬಣ್ಣ ಬಳಿದದ್ದನ್ನು ನಾನು ನೋಡಿಲ್ಲ. ಬೈದವನು ಎಲ್ಲಿ ನಿಂತಿದ್ದಾನೋ ಅದರಿಂದ ಎರಡಡಿ ಆಚೆಗೆ ಅದು ಸರಿಯುತ್ತಿರುತ್ತದೆ.

ಆದರೆ ಬೈಬಲ್ಲಿನಲ್ಲೇ ಕೆಣಕುವ ಮಾತಿದೆಯಲ್ಲ. ಗೊಲ್ಯಾತ ದಾವೀದನ ಮಾಂಸವನ್ನು ಹಕ್ಕಿಗಳಿಗೆ ಹಾಕುತ್ತೇನೆಂದ, ದಾವೀದ ಬಡ್ಡಿ ಸಮೇತ ತಿರುಗಿಸಿ ಕೊಟ್ಟ. ಎಲೀಯನೋ, ನಿಮ್ಮ ಬಾಳ ದೇವರು ನಿದ್ದೆ ಹೋಗಿರಬೇಕು ಎಂದು ಕರ್ಮೆಲ್ ಬೆಟ್ಟದ ಮೇಲೆ ಗೇಲಿ ಮಾಡಿದ.

ಓದಿಕೊಂಡು ಬಂದಿದ್ದೀರಿ! ಎಲೀಯ ಒಬ್ಬನೇ, ಎದುರಿಗೆ 450 ಪ್ರವಾದಿಗಳು. ಇಲ್ಲಿ ಬ್ಯಾಟ್ ಹಿಡಿದವನು ಒಬ್ಬ, ಸುತ್ತ ಹನ್ನೊಂದು ಬಾಯಿ, ಜೊತೆಗಾರ 22 ಗಜ ದೂರ. ಕಟ್ಟಿಗೆಗೆ ನೀರು ಸುರಿಸಿ ಆಕಾಶದಿಂದ ಬೆಂಕಿ ಇಳಿಸುವುದಾದರೆ ಸ್ಲಿಪ್ಪಿನವರೂ ಗೇಲಿ ಮಾಡಲಿ. ಇವರಿಗೆ ಒಂದು ಕ್ಯಾಚ್ ನೆಟ್ಟಗೆ ಹಿಡಿಯಲು ಬಾರದು.

ಹಾಗಾದರೆ ಕ್ರಿಕೆಟಿಗೆ ಪಾದ್ರಿಗಳೇ ಬೇಕೇನೋ.

ಅದೂ ಆಗಿದೆ. ಇಂಗ್ಲೆಂಡಿನ ಡೇವಿಡ್ ಶೆಪರ್ಡ್, ಮುಂದೆ ಲಿವರ್‌ಪೂಲಿನ ಬಿಷಪ್ ಆದವರು, 1962-63ರಲ್ಲಿ ಆಸ್ಟ್ರೇಲಿಯಾಕ್ಕೆ ಬಂದಾಗ ದೀಕ್ಷೆ ಪಡೆದ ಪಾದ್ರಿ. ಮೆಲ್ಬರ್ನಿನಲ್ಲಿ 113 ಹೊಡೆದು ಗೆಲ್ಲಿಸಿದರು. ಕ್ಯಾಚ್ ಮಾತ್ರ ಬಿಡುತ್ತಲೇ ಹೋದರು. ಭಾನುವಾರ ಜೋಡಿಸುವ ಕೈಯನ್ನು ಮೈದಾನದಲ್ಲೂ ಸ್ವಲ್ಪ ಜೋಡಿಸಬಾರದೇ ಎಂದು ಬೌಲರ್ ಫ್ರೆಡ್ ಟ್ರೂಮನ್ ಚುಚ್ಚಿದ ಕಥೆ ಇಂದಿಗೂ ಓಡಾಡುತ್ತದೆ. ಅದೂ ಸ್ವಂತ ತಂಡದವನ ಬಾಯಿಂದ! ಆದರೆ ಆ ಮಾತು ನೋಡಿ: ಶೆಪರ್ಡರ ತಾಯಿ ಇಲ್ಲ ಅದರಲ್ಲಿ, ಹೆಂಡತಿ ಇಲ್ಲ, ಚರ್ಮದ ಬಣ್ಣ ಇಲ್ಲ. ಬಿಟ್ಟ ಕ್ಯಾಚಿದೆ, ಅಷ್ಟೆ. ಅಂಥದ್ದಕ್ಕೆ ನಾನೂ ಮಣ್ಣೊಳಗೆ ನಗುತ್ತೇನೆ.

ಐಸಿಸಿ ನಿಯಮ ಇದೆಯಲ್ಲ?

ಇದೆ. ‘ಕೇಳಿಸುವಂಥ’ ಅಶ್ಲೀಲ ಮಾತಿಗೆ ದಂಡ. ಕೇಳಿಸದಂತೆ ಬೈದರೆ ಸಂಭಾವನೆ ಪೂರ್ತಿ ಕೈಗೆ. ಪ್ರತಿಯೊಂದು ವ್ಯರ್ಥ ಮಾತಿಗೂ ನ್ಯಾಯತೀರ್ಪಿನ ದಿನ ಲೆಕ್ಕ ಕೊಡಬೇಕು ಎನ್ನುವ ಮತ್ತಾಯನ ಸುವಾರ್ತೆಯಲ್ಲಿ ಈ ರಿಯಾಯಿತಿ ಇಲ್ಲ.

ನಿಮ್ಮದೇನೂ ತಪ್ಪಿಲ್ಲವೇ?

(ಸ್ವಲ್ಪ ಗೊರಗೊರ ಸದ್ದು.) ಮೊದಲು ಚೆಂಡು ಸತ್ತ ಕೂಡಲೇ ನನ್ನ ದನಿ ತಗ್ಗಿಸಬೇಕಿತ್ತು. 2018ರಲ್ಲಿ ಆ ಕಟ್ಟು ಸಡಿಲವಾಯಿತು. ಈಗ ಬೈಗುಳವೂ ಮನರಂಜನೆ. ಎರಡು ಜಾಹೀರಾತಿನ ನಡುವೆ ಮತ್ತೆ ಮತ್ತೆ ತೋರಿಸುತ್ತಾರೆ. ಮನೆಯಲ್ಲಿ ಕೂತು ಕೇಳುವವರು, ಮರುದಿನ ಚರ್ಚಿಗೆ ಹೋಗುವವರೂ ಸೇರಿ, ದನಿ ಜಾಸ್ತಿ ಮಾಡುತ್ತಾರೆ.

ತೀರ್ಪಿನ ದಿನ ಸಾಕ್ಷಿ ಹೇಳುತ್ತೀರಾ?

ಕರೆದರೆ ಬರಬಹುದು. ಆದರೆ ಪ್ರಸಾರದ ಹಕ್ಕು ಯಾರದ್ದು ಅಂತ ಮೊದಲೇ ವಿಚಾರಿಸಿಕೊಳ್ಳಿ.